ಮೆಣಸಿನಕಾಯಿಯಿಂದ ಎಐ: ಪದವಿ ವಿದ್ಯಾರ್ಥಿಗಳಿಗೆ ಮೊದಲ ಪಾಠ ಹೇಳುವುದು ಹೇಗೆ?

ಪದವಿ ಕಾಲೇಜಿನಲ್ಲಿ ಎಐ (ಕೃತಕ ಬುದ್ಧಿಮತ್ತೆ) ಪಾಠ ಅಂದರೆ ಸಾಮಾನ್ಯವಾಗಿ ಹೀಗೆ ನಡೆಯುತ್ತದೆ. ಪ್ರೊಜೆಕ್ಟರ್ ಹಾಕುತ್ತೇವೆ, ಸ್ಲೈಡ್ ಓಡಿಸುತ್ತೇವೆ, ವ್ಯಾಖ್ಯೆ ಬರೆಸುತ್ತೇವೆ, ರೋಬೋಟಿನ ಒಂದು ಚಿತ್ರ ತೋರಿಸುತ್ತೇವೆ. ವಿದ್ಯಾರ್ಥಿಗಳು ಬರೆದುಕೊಂಡು ಪರೀಕ್ಷೆಯಲ್ಲಿ ಹಾಗೇ ಇಳಿಸುತ್ತಾರೆ. "ಯಂತ್ರ ಕಲಿಯುತ್ತದೆ ಅಂತೀರಲ್ಲ, ಏನನ್ನ ಕಲಿಯುತ್ತೆ?" ಅಂತ ಕೇಳಿ ನೋಡಿ. ಮುಖ ಮುಖ ನೋಡಿಕೊಳ್ಳುತ್ತಾರೆ.

ರಾಯಚೂರು, ಕೊಪ್ಪಳ, ಬಳ್ಳಾರಿ ಕಡೆ ಪಾಠ ಮಾಡುವವರಿಗೆ ನಾನು ಹೇಳುವುದು ಇಷ್ಟೇ. ಡೇಟಾ ಎಲ್ಲಿಂದಲೋ ಡೌನ್‌ಲೋಡ್ ಮಾಡಬೇಡಿ. ವಿದ್ಯಾರ್ಥಿಗಳ ಕೈಯಿಂದಲೇ ಅಳೆಸಿ, ಅವರ ಕೈಯಿಂದಲೇ ಲೇಬಲ್ ಹಾಕಿಸಿ. ಹೂವಿನ ಎಸಳು ಅಳೆದ ಐರಿಸ್ ಡೇಟಾ 1936ರಿಂದಲೂ ಪಠ್ಯಗಳಲ್ಲಿ ಸುತ್ತುತ್ತಿದೆ. ಒಳ್ಳೆಯದೇ, ಆದರೆ ನಮ್ಮ ಹುಡುಗರು ಆ ಹೂವನ್ನ ನೋಡಿಲ್ಲ. ಒಣ ಮೆಣಸಿನಕಾಯಿ ನೋಡದವರು ಇಲ್ಲಿ ಯಾರಿದ್ದಾರೆ?

ಮೊದಲು ಸಿದ್ಧತೆ

ಕಿರಾಣಿ ಅಂಗಡಿಯಿಂದ ಬ್ಯಾಡಗಿ ಕಾಯಿ ಅರ್ಧ ಕೆಜಿ, ಗುಂಟೂರು ಕಾಯಿ ಅರ್ಧ ಕೆಜಿ ತನ್ನಿ. ಬ್ಯಾಡಗಿ ಮಾರುಕಟ್ಟೆ ಇರುವುದು ಹಾವೇರಿ ಜಿಲ್ಲೆಯಲ್ಲಾದರೂ ಅಲ್ಲಿಗೆ ಹೋಗುವ ಕಾಯಿಯಲ್ಲಿ ಬಳ್ಳಾರಿ, ರಾಯಚೂರಿನ ಹೊಲದ್ದೂ ಇರುತ್ತದೆ. ತರಗತಿಯಲ್ಲಿ ಮೆಣಸಿನಕಾಯಿ ಬೆಳೆಯುವ ಮನೆಯ ಒಬ್ಬರಾದರೂ ಸಿಗುತ್ತಾರೆ. ಅವರನ್ನ ಗುರುತಿಟ್ಟುಕೊಳ್ಳಿ, ಆಮೇಲೆ ಬೇಕಾಗುತ್ತಾರೆ.

ಗ್ರಾಫ್ ಹಾಳೆ, ಸ್ಕೇಲು, ದಾರ, ಎರಡು ಬಣ್ಣದ ಪೆನ್ನು ಇದ್ದರೆ ಮೊದಲ ನಾಲ್ಕು ತರಗತಿಗೆ ಸಾಕು. ಕಂಪ್ಯೂಟರ್ ಬೇಡವೇ ಬೇಡ. ಲ್ಯಾಬಿನಲ್ಲಿ ಕರೆಂಟ್ ಹೋದರೂ ಪಾಠ ನಿಲ್ಲುವುದಿಲ್ಲ ಅನ್ನುವುದು ಇದರ ದೊಡ್ಡ ಲಾಭ. ಕಾಯಿ ಮುರಿಯದೆ ಹಿಡಿಯಲು ಹೇಳಿ. ಒಂದು ಒಡೆದು ಬೀಜ ಉದುರಿ ಮೇಲೆ ಫ್ಯಾನ್ ತಿರುಗಿತೋ, ಘಾಟಿಗೆ ಇಡೀ ತರಗತಿ ಸೀನುತ್ತದೆ. ಕೈ ತೊಳೆಯದೆ ಕಣ್ಣು ಮುಟ್ಟಬಾರದು ಅಂತ ಎರಡು ಸಲ ಹೇಳಿ.

ವೇಳೆ ಬೆಳಿಗ್ಗೆಯದೇ ಇರಲಿ. ಮಾರ್ಚ್ ದಾಟಿದ ಮೇಲೆ ನಮ್ಮ ಕಡೆ ಮಧ್ಯಾಹ್ನದ ತರಗತಿಯಲ್ಲಿ ಯಾರ ತಲೆಯೂ ಓಡುವುದಿಲ್ಲ. ಸಂಜೆಗೆ ಇಟ್ಟರೆ ಮಾನ್ವಿ, ದೇವದುರ್ಗ, ಸಿರವಾರದ ಬಸ್ಸು ಹಿಡಿಯುವವರು ಅರ್ಧಕ್ಕೇ ಎದ್ದು ಹೋಗುತ್ತಾರೆ.

ಮೊದಲ ತರಗತಿ: ನಿಯಮ ಬರೆಸಿ, ನಿಯಮ ಮುರಿಯಿರಿ

ಎಐ ಎಂಬ ಪದವನ್ನೇ ಎತ್ತಬೇಡಿ. ಎರಡೂ ಕಾಯಿ ಮೇಜಿನ ಮೇಲಿಡಿ. "ಬ್ಯಾಡಗಿ ಯಾವುದು, ಗುಂಟೂರು ಯಾವುದು ಅಂತ ಗೊತ್ತಿಲ್ಲದವನಿಗೆ ಫೋನಿನಲ್ಲಿ ಹೇಳಿಕೊಡಬೇಕು. ಚೀಟಿಯಲ್ಲಿ ನಿಯಮ ಬರೀರಿ" ಅನ್ನಿ.

"ಸುಕ್ಕು ಇದ್ದರೆ ಬ್ಯಾಡಗಿ" ಅಂತ ಹೆಚ್ಚಿನವರು ಬರೆಯುತ್ತಾರೆ. ಸರಿ, ಎಷ್ಟು ಸುಕ್ಕು? ಅರ್ಧ ಸುಕ್ಕು ಇರುವ ಒಂದು ಗುಂಟೂರು ಕಾಯಿ ಎತ್ತಿ ತೋರಿಸಿ. "ಉದ್ದ ಇದ್ದರೆ ಬ್ಯಾಡಗಿ" ಅಂತ ಇನ್ನೊಬ್ಬರು ಬರೆದಿರುತ್ತಾರೆ. ಬ್ಯಾಡಗಿಯಲ್ಲೇ ಕಡ್ಡಿ ಮತ್ತು ಡಬ್ಬಿ ಅಂತ ಎರಡಿವೆ. ಡಬ್ಬಿ ಗಿಡ್ಡ, ದಪ್ಪ. ಆ ನಿಯಮವೂ ಬಿತ್ತು. ಹೀಗೆ ಒಂದೊಂದೇ ನಿಯಮಕ್ಕೆ "ಆದರೆ", "ಹೊರತು" ಸೇರುತ್ತಾ ಹೋಗಿ ಚೀಟಿ ತುಂಬುತ್ತದೆ.

ಚರಿತ್ರೆ ಹೇಳಲು ಇದೇ ಸರಿಯಾದ ಹೊತ್ತು. ಬ್ರಿಟನ್ನಿನ ಗಣಿತಜ್ಞ ಅಲನ್ ಟ್ಯೂರಿಂಗ್ "ಯಂತ್ರ ಯೋಚಿಸಬಲ್ಲದೇ" ಎಂದು ಕೇಳಿದ್ದು 1950ರಲ್ಲಿ. ಅಮೆರಿಕದ ಡಾರ್ಟ್‌ಮತ್ ಕಾಲೇಜಿನಲ್ಲಿ ಜಾನ್ ಮೆಕಾರ್ಥಿ ಮತ್ತು ಜೊತೆಗಾರರು ಸೇರಿ ಈ ವಿಷಯಕ್ಕೆ ಎಐ ಎಂಬ ಹೆಸರಿನಲ್ಲೇ ಕಮ್ಮಟ ನಡೆಸಿದ್ದು 1956ರಲ್ಲಿ. ಅಲ್ಲಿಂದ ಮುಂದೆ ಬಹಳ ವರ್ಷ ಮಂದಿ ಮಾಡಿದ್ದು ನಿಮ್ಮ ವಿದ್ಯಾರ್ಥಿಗಳು ಈಗ ಮಾಡಿದ್ದನ್ನೇ, ಅಂದರೆ ನಿಯಮ ಬರೆಯುವುದು. ಚೆಸ್ಸಿನಂಥ ಆಟಕ್ಕೆ ಆ ದಾರಿ ನಡೆಯಿತು. 1997ರಲ್ಲಿ ಐಬಿಎಂನ ಡೀಪ್ ಬ್ಲೂ ಕಂಪ್ಯೂಟರ್ ವಿಶ್ವ ಚಾಂಪಿಯನ್ ಕ್ಯಾಸ್ಪರೋವ್‌ನನ್ನ ಸೋಲಿಸಿತು. ಆದರೆ ಮುಖ, ದನಿ, ಮೆಣಸಿನಕಾಯಿ ಇವಕ್ಕೆ ನಿಯಮ ಬರೆದು ಮುಗಿಯುವುದಿಲ್ಲ. ಹಾಗಾಗಿ ಉದಾಹರಣೆ ತೋರಿಸಿ ಕಲಿಸುವ ದಾರಿಗೆ ಬಂದರು. ಇಷ್ಟು ಸಾಕು, ಚರಿತ್ರೆಗೆ ಹತ್ತು ನಿಮಿಷಕ್ಕಿಂತ ಜಾಸ್ತಿ ಕೊಡಬೇಡಿ.

ಎರಡನೇ ತರಗತಿ: ಅಳತೆ ಮತ್ತು ಜಗಳ

ನಾಲ್ಕು ನಾಲ್ಕು ಜನರ ಗುಂಪು ಮಾಡಿ. ಒಂದೊಂದು ಗುಂಪಿಗೆ ಎರಡೂ ಬಗೆ ಬೆರೆಸಿದ 20 ಕಾಯಿ ಕೊಡಿ. ಪ್ರತಿ ಕಾಯಿಗೂ ಮೂರು ಸಂಗತಿ ಬರೆಯಬೇಕು: ಉದ್ದ ಸೆಂಟಿಮೀಟರಿನಲ್ಲಿ, ಸುಕ್ಕಿಗೆ 1ರಿಂದ 5ರವರೆಗೆ ಅಂಕ, ಮತ್ತು ಹೆಸರು, ಅಂದರೆ ಬ್ಯಾಡಗಿಯೋ ಗುಂಟೂರೋ. ಆ ಹೆಸರೇ ಲೇಬಲ್.

ನನ್ನ ಪ್ರಕಾರ ಇಡೀ ಕೋರ್ಸಿನಲ್ಲಿ ಅತಿ ಮುಖ್ಯವಾದ ತರಗತಿ ಇದು. ಆತುರ ಮಾಡಬೇಡಿ. ಐದು ನಿಮಿಷದಲ್ಲೇ ಗಲಾಟೆ ಶುರುವಾಗುತ್ತದೆ. ಬಾಗಿದ ಕಾಯಿಗೆ ಸ್ಕೇಲು ನೇರ ಇಡಬೇಕೋ, ದಾರ ಸುತ್ತಿ ಅಳೆಯಬೇಕೋ? ತೊಟ್ಟು ಸೇರಿಸಬೇಕೋ ಬಿಡಬೇಕೋ? ಈ ಸುಕ್ಕಿಗೆ 3 ಕೊಡೋದಾ, 4 ಕೊಡೋದಾ? ಉತ್ತರ ನೀವು ಹೇಳಬೇಡಿ. ಪ್ರತಿ ಗುಂಪೂ ತನ್ನ ತೀರ್ಮಾನವನ್ನ ಹಾಳೆಯ ಮೇಲುಗಡೆ ಬರೆದಿಡಲಿ.

ಆಮೇಲೆ ಹಾಳೆ ಮುಚ್ಚಿಸಿ, ಅದೇ 20 ಕಾಯಿಯನ್ನ ಪಕ್ಕದ ಗುಂಪಿಗೆ ಕೊಟ್ಟು ಮತ್ತೆ ಅಳೆಸಿ, ಲೇಬಲ್ ಹಾಕಿಸಿ. ಎರಡೂ ಹಾಳೆ ಹೋಲಿಸಿ. ಲೇಬಲ್ ಎಲ್ಲೆಲ್ಲಿ ಬೇರೆ ಬಂದಿದೆಯೋ ಅಲ್ಲಿ ಗುಂಡು ಸುತ್ತಿಸಿ. ಈಗ ಮೆಣಸಿನಕಾಯಿ ಬೆಳೆಯುವ ಮನೆಯ ವಿದ್ಯಾರ್ಥಿಯನ್ನ ಕರೆಯಿರಿ. ಅವರು ಕಾಯಿ ಕೈಯಲ್ಲಿ ಹಿಡಿದು, ಸಿಪ್ಪೆ ಒತ್ತಿ, ಬಣ್ಣ ನೋಡಿ ತೀರ್ಪು ಕೊಡುತ್ತಾರೆ. ಸಿಪ್ಪೆಯ ದಪ್ಪ, ಬಣ್ಣದ ಗಾಢತೆ ಎರಡೂ ನಿಮ್ಮ ಹಾಳೆಯಲ್ಲಿ ಇಲ್ಲವೇ ಇಲ್ಲ ಎಂದು ತೋರಿಸಿ. ನಾವು ಏನನ್ನು ಅಳೆದೆವೋ ಅಷ್ಟನ್ನೇ ಯಂತ್ರ ನೋಡುತ್ತದೆ. ಸ್ಲೈಡಿನಲ್ಲಿ ಹತ್ತು ಸಲ ಓದಿದರೂ ತಲೆಗೆ ಹೋಗದ ಮಾತು ಇದು, ಇಲ್ಲಿ ತಾನಾಗಿ ಹೋಗುತ್ತದೆ.

ಮನೆಗೆ ಹೋಗುವ ಮುಂಚೆ ಪ್ರತಿ ಗುಂಪಿನಿಂದ 5 ಕಾಯಿ ತೆಗೆದು ಒಂದು ಕವರಿಗೆ ಹಾಕಿ ಅಂಟಿಸಿ, ಅವುಗಳ ಸಾಲನ್ನೂ ಹಾಳೆಯಿಂದ ಕತ್ತರಿಸಿ ಅದರೊಳಗೇ ಇಡಿ. ನೀವು ಹೇಳುವವರೆಗೆ ಅದನ್ನ ಯಾರೂ ತೆರೆಯುವಂತಿಲ್ಲ. ಯಾಕೆ ಅಂತ ಈಗಲೇ ಹೇಳಬೇಡಿ.

ಮೂರನೇ ತರಗತಿ: ಗ್ರಾಫ್ ಹಾಳೆಯ ಮೇಲೆ ಮೊದಲ ಮಾಡೆಲ್

ಅಡ್ಡಕ್ಕೆ ಉದ್ದ, ಮೇಲಕ್ಕೆ ಸುಕ್ಕಿನ ಅಂಕ. ಉಳಿದ 15 ಕಾಯಿಗೆ 15 ಚುಕ್ಕಿ. ಬ್ಯಾಡಗಿಗೆ ಕೆಂಪು, ಗುಂಟೂರಿಗೆ ನೀಲಿ. ಸಾಮಾನ್ಯವಾಗಿ ಎರಡು ಗುಂಪು ಕಾಣುತ್ತವೆ, ನಡುವೆ ಒಂದಿಷ್ಟು ಕಲಸುಮೇಲೋಗರ ಇರುತ್ತದೆ.

ಈಗ ಚೀಲದಿಂದ ಹೊಸದೊಂದು ಕಾಯಿ ತೆಗೆದು ಅಳೆದು ಪೆನ್ಸಿಲಿನಲ್ಲಿ ಚುಕ್ಕಿ ಇಡಿಸಿ. ಸ್ಕೇಲು ಹಿಡಿದು ಅದಕ್ಕೆ ಅತಿ ಹತ್ತಿರದ ಮೂರು ಚುಕ್ಕಿ ಹುಡುಕಬೇಕು. ಮೂರರಲ್ಲಿ ಎರಡು ಕೆಂಪಾದರೆ ಹೊಸ ಕಾಯಿ ಬ್ಯಾಡಗಿ. ಮುಗಿಯಿತು. ಇದು ನಿಜವಾದ ಅಲ್ಗಾರಿದಮ್, ಅಂದರೆ ಹಂತ ಹಂತದ ಲೆಕ್ಕದ ವಿಧಾನ. ಚುಕ್ಕಿಗಳ ಜೊತೆ ಸೇರಿ ಇದೇ ನಮ್ಮ ಮಾಡೆಲ್. ಇದರ ಹೆಸರು ಕೆ-ನಿಯರೆಸ್ಟ್ ನೇಬರ್ಸ್ (ಅತಿ ಹತ್ತಿರದ ನೆರೆಯವರು; ಎಷ್ಟು ಜನ ಅನ್ನುವುದೇ ಕೆ), ಇವತ್ತಿಗೂ ಬಳಕೆಯಲ್ಲಿದೆ. ಹೆಸರನ್ನ ಕೆಲಸ ಆದ ಮೇಲೆ ಹೇಳಿ.

ಎರಡು ಆಟ ಆಡಿಸಿ. ಒಂದು: ಮೂರರ ಬದಲು ಒಂದೇ ಚುಕ್ಕಿ ನೋಡಿದರೆ ಏನಾಗುತ್ತೆ? ತಪ್ಪು ಲೇಬಲ್ ಹಾಕಿದ ಒಂದು ಕಾಯಿ ಪಕ್ಕದಲ್ಲಿದ್ದರೆ ಉತ್ತರವೇ ಉಲ್ಟಾ. ಹದಿನೈದನ್ನೂ ಕೇಳಿದರೆ? ಯಾವ ಬಗೆ ಜಾಸ್ತಿ ಇದೆಯೋ ಯಾವಾಗಲೂ ಅದೇ ಉತ್ತರ. ಎರಡು: ಉದ್ದವನ್ನ ಮಿಲಿಮೀಟರಿಗೆ ತಿರುಗಿಸಿ ದೂರ ಲೆಕ್ಕ ಹಾಕಲು ಹೇಳಿ. ಉದ್ದದ ವ್ಯತ್ಯಾಸ ಹತ್ತುಪಟ್ಟಾಗಿ ಸುಕ್ಕಿನ ಅಂಕಕ್ಕೆ ಬೆಲೆಯೇ ಇಲ್ಲದಂತಾಗುತ್ತದೆ. ಕಾಯಿ ಅದೇ, ಅಳತೆಯ ಮಾನ ಬದಲಾಯಿತು, ಉತ್ತರ ಬದಲಾಯಿತು. ಬಿಎಸ್ಸಿಯವರಿಗೆ ಪೈಥಾಗೊರಸ್ ಸೂತ್ರದಿಂದ ದೂರ ಲೆಕ್ಕ ಮಾಡಿಸಿ. ಬಿಎ, ಬಿಕಾಂನವರಿಗೆ ಸ್ಕೇಲೇ ಸಾಕು, ಸುಮ್ನೆ ಹೆದರಿಸಬೇಡಿ.

ಅಂಟಿಸಿಟ್ಟ ಕವರ್ ಈಗ ತೆಗೆಯಿರಿ. ಆ ಐದು ಕಾಯಿಗೆ ಮಾಡೆಲ್ ಏನು ಹೇಳುತ್ತೆ, ಎಷ್ಟು ಸರಿ? ನೋಡಿದ ಪ್ರಶ್ನೆಯನ್ನೇ ಪರೀಕ್ಷೆಯಲ್ಲಿ ಕೊಟ್ಟರೆ ಕಂಠಪಾಠದವನೂ ಪಾಸಾಗುತ್ತಾನೆ, ಅಲ್ವಾ? ಅದಕ್ಕೇ ಟೆಸ್ಟ್ ಡೇಟಾವನ್ನ ಬೇರೆ ಇಡುವುದು.

ಇದರ ಬೆನ್ನಿಗೇ ಶೇಕಡಾವಾರಿನ ಮೋಸ ತೋರಿಸಿಬಿಡಿ. 100 ಕಾಯಿಯಲ್ಲಿ 10ಕ್ಕೆ ಬೂಷ್ಟು ಹಿಡಿದಿದೆ ಅಂದುಕೊಳ್ಳಿ. ಕಣ್ಣು ಮುಚ್ಚಿಕೊಂಡು "ಎಲ್ಲಾ ಚೆನ್ನಾಗಿದೆ" ಎನ್ನುವ ಮಾಡೆಲ್ ಶೇ. 90 ಸರಿ! ಆದರೆ ಹಿಡಿಯಬೇಕಿದ್ದ ಒಂದನ್ನೂ ಅದು ಹಿಡಿದಿಲ್ಲ. ಕಪ್ಪುಹಲಗೆಯ ಮೇಲೆ ನಾಲ್ಕು ಚೌಕ ಬರೆಯಿರಿ: ಕೆಟ್ಟದ್ದನ್ನ ಕೆಟ್ಟದ್ದು ಅಂದದ್ದು, ಕೆಟ್ಟದ್ದನ್ನ ಒಳ್ಳೇದು ಅಂದದ್ದು, ಒಳ್ಳೇದನ್ನ ಕೆಟ್ಟದ್ದು ಅಂದದ್ದು, ಒಳ್ಳೇದನ್ನ ಒಳ್ಳೇದು ಅಂದದ್ದು. ಯಾವ ತಪ್ಪು ದೊಡ್ಡದು? ರಫ್ತು ಮಾಡುವವರಿಗೆ ಎರಡನೇ ಚೌಕ ಭಯ, ಯಾಕೆಂದರೆ ಬೂಷ್ಟಿನಿಂದ ಬರುವ ಅಫ್ಲಾಟಾಕ್ಸಿನ್ ವಿಷ ಸಿಕ್ಕಿದರೆ ಇಡೀ ಸರಕು ವಾಪಸ್ ಬರಬಹುದು. ರೈತನಿಗೆ ಮೂರನೆಯದು ಭಯ, ಒಳ್ಳೇ ಕಾಯಿಗೆ ರೇಟು ಬೀಳುತ್ತೆ. ತರಗತಿಯನ್ನ ಎರಡು ಬಣ ಮಾಡಿ ವಾದ ಮಾಡಿಸಿ. ಬಿಕಾಂ ಹುಡುಗಿಯರು ಇಲ್ಲಿ ಎಲ್ಲರನ್ನೂ ಮೀರಿಸುತ್ತಾರೆ.

ನಾಲ್ಕನೇ ತರಗತಿ: ಕೂಡು, ಕಳೆ ಗೊತ್ತಿದ್ದರೆ ನ್ಯೂರಲ್ ನೆಟ್‌ವರ್ಕ್

ನ್ಯೂರಲ್ ನೆಟ್‌ವರ್ಕ್ ಅಂದಾಕ್ಷಣ ಮೆದುಳಿನ ಚಿತ್ರ ತೋರಿಸುವ ಚಟ ನಮಗೆಲ್ಲ ಇದೆ. ಬಿಟ್ಟುಬಿಡಿ. ಫ್ರಾಂಕ್ ರೋಸೆನ್‌ಬ್ಲಾಟ್ 1950ರ ದಶಕದ ಕೊನೆಯಲ್ಲಿ ರೂಪಿಸಿದ ಪರ್ಸೆಪ್ಟ್ರಾನ್ ಎಂಬ ಅತಿ ಸರಳ ನ್ಯೂರಲ್ ನೆಟ್‌ವರ್ಕ್ ಅನ್ನು ಹಲಗೆಯ ಮೇಲೆಯೇ ಮಾಡಿ ತೋರಿಸಬಹುದು.

ಉದ್ದಕ್ಕೂ 1ರಿಂದ 5ರ ಅಂಕ ಕೊಡಿ. ಒಂದು ಬ್ಯಾಡಗಿ ಕಾಯಿ: ಉದ್ದ 4, ಸುಕ್ಕು 5. ಒಂದು ಗುಂಟೂರು ಕಾಯಿ: ಉದ್ದ 3, ಸುಕ್ಕು 1. ಯಂತ್ರದ ಹತ್ತಿರ ಎರಡು ತೂಕಗಳಿವೆ, ಉದ್ದಕ್ಕೊಂದು, ಸುಕ್ಕಿಗೊಂದು. ಶುರುವಿಗೆ ಎರಡೂ ಸೊನ್ನೆ. ಅಂಕವನ್ನ ತೂಕದಿಂದ ಗುಣಿಸಿ ಕೂಡಬೇಕು. ಮೊತ್ತ ಸೊನ್ನೆಗಿಂತ ಹೆಚ್ಚಾದರೆ ಬ್ಯಾಡಗಿ, ಇಲ್ಲದಿದ್ದರೆ ಗುಂಟೂರು. ತಪ್ಪಾದಾಗ ಮಾತ್ರ ತೂಕ ತಿದ್ದಬೇಕು: ಬ್ಯಾಡಗಿಯನ್ನ ತಪ್ಪಿದರೆ ಆ ಕಾಯಿಯ ಅಂಕಗಳನ್ನ ತೂಕಕ್ಕೆ ಕೂಡು, ಗುಂಟೂರನ್ನ ತಪ್ಪಿದರೆ ಕಳೆ.

ಬ್ಯಾಡಗಿ ಬಂತು. ಮೊತ್ತ 0. "ಗುಂಟೂರು" ಅಂದಿತು, ತಪ್ಪು. ಕೂಡಿದರೆ ತೂಕ 4 ಮತ್ತು 5. ಗುಂಟೂರು ಬಂತು. 3×4 + 1×5 = 17. "ಬ್ಯಾಡಗಿ" ಅಂದಿತು, ತಪ್ಪು. ಕಳೆದರೆ ತೂಕ 1 ಮತ್ತು 4. ಮತ್ತೆ ಬ್ಯಾಡಗಿ: 4 + 20 = 24, ಸರಿ. ಮತ್ತೆ ಗುಂಟೂರು: 3 + 4 = 7, ತಪ್ಪು. ಕಳೆದರೆ ತೂಕ −2 ಮತ್ತು 3. ಇನ್ನೊಮ್ಮೆ ಬ್ಯಾಡಗಿ: −8 + 15 = 7, ಸರಿ. ಗುಂಟೂರು: −6 + 3 = −3, ಸರಿ. ಕಲಿಕೆ ಮುಗಿಯಿತು. ಕಲಿತದ್ದು ಎರಡೇ ಸಂಖ್ಯೆ, −2 ಮತ್ತು 3.

ಇಲ್ಲಿ ನಿಲ್ಲಿಸಿ, ಆ −2 ಕಡೆ ಬೆರಳು ತೋರಿಸಿ. ಬ್ಯಾಡಗಿಯೇ ಉದ್ದ ಇತ್ತು, ಆದರೂ ಉದ್ದಕ್ಕೆ ಮೈನಸ್ ತೂಕ ಯಾಕೆ? ಯಂತ್ರಕ್ಕೆ ಕಾಯಿಯ ಅರ್ಥ ಗೊತ್ತಿಲ್ಲ. ಈ ಎರಡು ಉದಾಹರಣೆಯನ್ನ ಬೇರೆ ಮಾಡುವ ಒಂದು ಜೋಡಿ ಸಂಖ್ಯೆ ಸಿಕ್ಕಿತು, ಅಲ್ಲಿಗೇ ಬಿಟ್ಟಿತು. ಉದ್ದ 5, ಸುಕ್ಕು 3 ಇರುವ ಬ್ಯಾಡಗಿ ಕೊಟ್ಟು ನೋಡಿ: −10 + 9 = −1. ಗುಂಟೂರು ಅನ್ನುತ್ತೆ! ಎರಡೇ ಕಾಯಿ ನೋಡಿ ಕಲಿತರೆ ಇದೇ ಗತಿ. ಇಂದಿನ ದೊಡ್ಡ ಮಾಡೆಲ್‌ಗಳಲ್ಲಿ ಇಂಥ ತೂಕಗಳು ಶತಕೋಟಿಗಳ ಲೆಕ್ಕದಲ್ಲಿವೆ, ತಿದ್ದುವ ವಿಧಾನವೂ ಹೆಚ್ಚು ಸೂಕ್ಷ್ಮ. ತಪ್ಪು ನೋಡಿ ತೂಕ ತಿದ್ದುವ ಮೂಲ ಮಾತು ಮಾತ್ರ ಅದೇ.

ಬಿಎಸ್ಸಿ ತರಗತಿಯಲ್ಲಿ ವೇಳೆ ಉಳಿದರೆ ಕಡ್ಡಿಪೆಟ್ಟಿಗೆಯ ಆಟ ಹೇಳಿ. 1961ರಲ್ಲಿ ಡೊನಾಲ್ಡ್ ಮಿಚಿ 304 ಕಡ್ಡಿಪೆಟ್ಟಿಗೆ ಮತ್ತು ಬಣ್ಣದ ಮಣಿಗಳಿಂದಲೇ ಸೊನ್ನೆ-ಗುಣಾಕಾರದ (ಟಿಕ್-ಟ್ಯಾಕ್-ಟೊ) ಆಟ ಕಲಿಯುವ ಯಂತ್ರ ಮಾಡಿದ್ದರು. ಗೆದ್ದರೆ ಪೆಟ್ಟಿಗೆಗೆ ಮಣಿ ಸೇರುತ್ತೆ, ಸೋತರೆ ಮಣಿ ಹೋಗುತ್ತೆ.

ಐದನೇ ತರಗತಿ: ಈಗ ಕಂಪ್ಯೂಟರ್

ಕೋಡ್ ಬರೆಯಲು ಬಾರದವರಿಗೆ ಆರೆಂಜ್ ಎಂಬ ಉಚಿತ ತಂತ್ರಾಂಶ ಒಳ್ಳೆಯದು. ಸ್ಲೊವೇನಿಯಾದ ಲುಬ್ಲಿಯಾನ ವಿಶ್ವವಿದ್ಯಾಲಯದವರು ಮಾಡಿದ್ದು. ಒಮ್ಮೆ ಇನ್‌ಸ್ಟಾಲ್ ಮಾಡಿದರೆ ಇಂಟರ್‌ನೆಟ್ ಇಲ್ಲದೆಯೂ ನಡೆಯುತ್ತದೆ, ನಮ್ಮ ಲ್ಯಾಬುಗಳಿಗೆ ಇದು ದೊಡ್ಡ ಮಾತು. ಎಲ್ಲ ಗುಂಪಿನ ಅಳತೆಗಳನ್ನ ಎಕ್ಸೆಲ್‌ನಲ್ಲಿ ಒಂದೇ ಹಾಳೆಗೆ ಸೇರಿಸಿ. ಟ್ರೀ, ಟ್ರೀ ವ್ಯೂವರ್ ಎಂಬ ಐಕಾನ್‌ಗಳನ್ನ ಜೋಡಿಸಿದರೆ ಯಂತ್ರವೇ ಪ್ರಶ್ನೆಗಳ ಮರ ಬಿಡಿಸಿ ತೋರಿಸುತ್ತದೆ. ಮೊದಲ ದಿನ ವಿದ್ಯಾರ್ಥಿಗಳು ಬರೆದ ಚೀಟಿ ತೆಗೆದು ಆ ಮರದ ಪಕ್ಕ ಇಡಿ. ಕೋಡ್ ಗೊತ್ತಿದ್ದವರು ಬ್ರೌಸರಿನಲ್ಲೇ ಕೋಡ್ ಓಡಿಸುವ ಗೂಗಲ್ ಕೊಲ್ಯಾಬ್‌ನಲ್ಲಿ ಪೈಥಾನ್ ಮಾಡಲಿ.

ಗೂಗಲ್‌ನ ಟೀಚಬಲ್ ಮೆಷಿನ್ ಕೂಡ ತೋರಿಸಿ. ಬ್ರೌಸರಿನಲ್ಲಿ ತೆರೆದು ಕ್ಯಾಮೆರಾ ಮುಂದೆ ಕಾಯಿ ಹಿಡಿದರೆ ಕೆಲವೇ ನಿಮಿಷದಲ್ಲಿ ಕಲಿಯುತ್ತದೆ. ಆದರೆ ಒಂದು ಕಿತಾಪತಿ ಮಾಡಿ. ಬ್ಯಾಡಗಿಯನ್ನ ಬಿಳಿ ಹಾಳೆಯ ಮೇಲಿಟ್ಟು, ಗುಂಟೂರನ್ನ ನ್ಯೂಸ್ ಪೇಪರಿನ ಮೇಲಿಟ್ಟು ಫೋಟೋ ತೆಗೆಸಿ. ಆಮೇಲೆ ಗುಂಟೂರು ಕಾಯಿಯನ್ನ ಬಿಳಿ ಹಾಳೆಗೆ ತನ್ನಿ. ಬಹುಮಟ್ಟಿಗೆ "ಬ್ಯಾಡಗಿ" ಅನ್ನುತ್ತದೆ. ಕಾಯಿಯೇ ಇಲ್ಲದ ಖಾಲಿ ಹಾಳೆ ತೋರಿಸಿದರೂ ಒಂದು ಹೆಸರು ಹೇಳುತ್ತದೆ. ಅದು ಕಲಿತದ್ದು ಹಿನ್ನೆಲೆಯನ್ನ. ತರಗತಿ ನಗುತ್ತದೆ, ಮರೆಯುವುದಿಲ್ಲ.

ಆ ನಗು ಇಳಿದ ಮೇಲೆ 2018ರ ಅಧ್ಯಯನ ಹೇಳಿ. ಜಾಯ್ ಬುವೊಲಮ್ವಿನಿ ಮತ್ತು ಟಿಮ್ನಿಟ್ ಗೆಬ್ರು ಮುಖ ನೋಡಿ ಗಂಡೋ ಹೆಣ್ಣೋ ಹೇಳುವ ವ್ಯವಸ್ಥೆಗಳನ್ನ ಪರೀಕ್ಷಿಸಿದರು. ಬಿಳಿ ಬಣ್ಣದ ಗಂಡಸರಲ್ಲಿ ತಪ್ಪು ಶೇ. 1ಕ್ಕಿಂತ ಕಡಿಮೆ, ಕಪ್ಪು ಬಣ್ಣದ ಹೆಂಗಸರಲ್ಲಿ ಶೇ. 34.7ರವರೆಗೆ. ಕಾರಣ ಏನಿರಬಹುದು ಅಂತ ನೀವು ವಿವರಿಸಬೇಕಿಲ್ಲ, ಈಗ ಅವರೇ ಹೇಳುತ್ತಾರೆ.

ಆರನೇ ತರಗತಿ: ಚಾಟ್‌ಜಿಪಿಟಿ

ಪ್ರಶ್ನೆಗೆ ಉತ್ತರ ಬರೆದುಕೊಡುವ ಈ ಚಾಟ್‌ಬಾಟ್ 2022ರ ನವೆಂಬರ್ 30ರಂದು ಹೊರಬಂತು. ಆ ನಂತರ ಎಐ ಅಂದರೆ ಚಾಟ್‌ಜಿಪಿಟಿ ಎಂದೇ ಹುಡುಗರ ಲೆಕ್ಕ. ಅದನ್ನೇ ಕೊನೆಗೆ ಇಟ್ಟಿದ್ದಕ್ಕೆ ಕಾರಣವಿದೆ. ಮೊದಲೇ ತೋರಿಸಿದರೆ ಮೆಣಸಿನಕಾಯಿ ಅಳೆಯಲು ಯಾರೂ ಕೂರುವುದಿಲ್ಲ.

ನಮ್ಮೂರಿನ ಬೇಸಿಗೆಯ ಬಗ್ಗೆ ಪ್ರತಿಯೊಬ್ಬರೂ ಎರಡು ಸಾಲು ಬರೆಯಲಿ. "ಬಿಸಿಲು" ಎಂಬ ಪದದ ಮುಂದೆ ಯಾವ ಪದ ಎಷ್ಟು ಸಲ ಬಂತು ಎಂದು ಹಲಗೆಯ ಮೇಲೆ ಎಣಿಸಿ. "ಜಾಸ್ತಿ" ಎಷ್ಟು, "ಬಿತ್ತು" ಎಷ್ಟು, "ತಾಳಲಾರದೆ" ಎಷ್ಟು? ಹಾಗೇ ಇನ್ನು ಕೆಲವು ಪದಕ್ಕೂ ಮಾಡಿ. ಈಗ ಎಣಿಕೆ ಹೆಚ್ಚಿರುವ ಪದವನ್ನೇ ಆರಿಸುತ್ತಾ ಹೊಸ ವಾಕ್ಯ ಕಟ್ಟಿಸಿ. ವಾಕ್ಯ ಸುಮಾರಾಗಿ ಸರಿಯಾಗಿಯೇ ಬರುತ್ತದೆ, ಬರೆದದ್ದಕ್ಕೆ ಬಿಸಿಲು ತಾಗಿಲ್ಲ ಅಷ್ಟೇ. ಚಾಟ್‌ಜಿಪಿಟಿಯ ಒಳಗಿರುವಂಥ ದೊಡ್ಡ ಭಾಷಾ ಮಾಡೆಲ್ ಹಿಂದಿನ ಒಂದೇ ಪದವನ್ನ ನೋಡುವುದಿಲ್ಲ, ಹಿಂದಿನ ಸಾವಿರಾರು ತುಣುಕುಗಳಲ್ಲಿ ಯಾವುದಕ್ಕೆ ಎಷ್ಟು ಗಮನ ಕೊಡಬೇಕು ಎಂದೂ ಕಲಿತಿರುತ್ತದೆ. ಅದಕ್ಕೆ ದಾರಿ ಮಾಡಿದ್ದು ಗೂಗಲ್ ಸಂಶೋಧಕರು 2017ರಲ್ಲಿ ಪ್ರಕಟಿಸಿದ ನ್ಯೂರಲ್ ನೆಟ್‌ವರ್ಕ್ ವಿನ್ಯಾಸ, ಟ್ರಾನ್ಸ್‌ಫಾರ್ಮರ್.

ಸುಳ್ಳು ಹಿಡಿಯುವ ಅಭ್ಯಾಸ ಹೀಗೆ ಮಾಡಿಸಿ. ಮೊದಲು ಮಸ್ಕಿಯ ಅಶೋಕ ಶಾಸನದ ಬಗ್ಗೆ ಕೇಳಲಿ. 1915ರಲ್ಲಿ ಗಣಿ ಎಂಜಿನಿಯರ್ ಸಿ. ಬೀಡನ್‌ಗೆ ಸಿಕ್ಕಿದ್ದು, "ಅಶೋಕ" ಎಂಬ ಹೆಸರು ಅದರಲ್ಲಿ ಇರುವುದು, ಇವೆಲ್ಲ ಪುಸ್ತಕಗಳಲ್ಲಿ ಬಹಳ ಸಲ ಬಂದಿದೆ, ಉತ್ತರ ಬಹುಶಃ ಸರಿ ಇರುತ್ತದೆ. ನಂತರ ಪ್ರತಿಯೊಬ್ಬರೂ ತಮ್ಮ ಹಳ್ಳಿಯ ಗುಡಿ, ಜಾತ್ರೆ, ಕೆರೆ ಬಗ್ಗೆ ಕೇಳಲಿ. ಬಂದ ಉತ್ತರವನ್ನ ಮನೆಗೆ ಒಯ್ದು ಅಜ್ಜ ಅಜ್ಜಿಗೆ ಓದಿ ಹೇಳಿ, ತಪ್ಪಿದ್ದ ಕಡೆ ಗೆರೆ ಎಳೆದು ತರಲಿ. ಇಲ್ಲದ ದೇವರು, ನಡೆಯದ ಜಾತ್ರೆ ಎಲ್ಲ ಬಂದಿರುತ್ತವೆ, ಅದೂ ಬಹಳ ಗಟ್ಟಿ ದನಿಯಲ್ಲಿ.

ಇನ್ನೊಂದು ಚಿಕ್ಕ ಪ್ರಯೋಗ. ಫೋನಿನ ವಾಯ್ಸ್ ಟೈಪಿಂಗ್ ತೆರೆದು "ನಾನು ಊಟ ಮಾಡುತ್ತಿದ್ದೇನೆ" ಅನ್ನಿಸಿ. ಅದೇ ವಿದ್ಯಾರ್ಥಿ "ನಾ ಊಟ ಮಾಡಾಕತ್ತೀನಿ" ಅನ್ನಲಿ. ಎಷ್ಟು ಪದ ಸರಿ ಬಂತು, ಎಷ್ಟು ಕೆಟ್ಟಿತು ಎಂದು ಎಣಿಸಿ. ಮನೆಯಲ್ಲಿ ತೆಲುಗು, ಉರ್ದು ಬೆರೆಸಿ ಮಾತಾಡುವವರೂ ಹೇಳಿ ನೋಡಲಿ. ಭಾರತೀಯ ಭಾಷೆಗಳಿಗೆ ಎಐ ಸಾಧನ ಮಾಡುವ ಕೇಂದ್ರ ಸರ್ಕಾರದ ಭಾಷಿಣಿ ಯೋಜನೆ 2022ರಲ್ಲಿ ಶುರುವಾಗಿದೆ. ಅದರ ಭಾಷಾದಾನ ವಿಭಾಗದಲ್ಲಿ ಯಾರು ಬೇಕಾದರೂ ದನಿ ಕೊಡಬಹುದು. ಆಸಕ್ತಿ ಇದ್ದವರಿಗೆ ತೋರಿಸಿ, ಒತ್ತಾಯ ಬೇಡ.

ಒಂದು ಎಚ್ಚರಿಕೆಯನ್ನ ಮಾತ್ರ ಬಿಡಬೇಡಿ. ಆಧಾರ್ ಸಂಖ್ಯೆ, ಅಂಕಪಟ್ಟಿ, ಗೆಳತಿಯ ಫೋಟೋ ಇವನ್ನ ಯಾವ ಚಾಟ್‌ಬಾಟಿಗೂ ಹಾಕಬಾರದು. 2023ರಲ್ಲಿ ಸಂಸತ್ತು ವೈಯಕ್ತಿಕ ಡಿಜಿಟಲ್ ಡೇಟಾ ರಕ್ಷಣೆಗೇ ಒಂದು ಕಾಯ್ದೆ ಮಾಡಿದೆ. ಬೇರೆಯವರ ಮಾಹಿತಿ ಬಳಸಲು ಅವರ ಒಪ್ಪಿಗೆ ಬೇಕು ಎಂಬುದಷ್ಟನ್ನ ತಿಳಿಸಿದರೆ ಸದ್ಯಕ್ಕೆ ಆಯಿತು.

ಅಂಕ ಕೊಡುವುದು

ಪ್ರಬಂಧ ಬರೆಸಿದರೆ ಚಾಟ್‌ಜಿಪಿಟಿ ಬರೆದುಕೊಡುತ್ತದೆ, ನೀವು ಅದಕ್ಕೇ ಅಂಕ ಹಾಕುತ್ತೀರಿ. ಅದರ ಬದಲು ಪ್ರಾಜೆಕ್ಟ್ ಕೊಡಿ: ತಮ್ಮ ಊರಿನ ಯಾವುದಾದರೂ ಎರಡು ಬಗೆಯನ್ನ ಅಳೆದು, ಲೇಬಲ್ ಹಾಕಿ, ಮಾಡೆಲ್ ಮಾಡಿ ತರಬೇಕು. ಸಿಂಧನೂರು, ಗಂಗಾವತಿ ಕಡೆಯವರಿಗೆ ಅಕ್ಕಿ ಕಾಳು, ರಾಯಚೂರಿನವರಿಗೆ ಹತ್ತಿಯ ಎಳೆ, ಬಳ್ಳಾರಿಯವರಿಗೆ ಜೀನ್ಸ್ ಬಟ್ಟೆಯ ತುಂಡು, ಕಿನ್ನಾಳದವರಿಗೆ ಗೊಂಬೆಯ ಬಣ್ಣ. ವಸ್ತುವಿಗೆ ಬರವಿಲ್ಲ.

ಪ್ರಾಜೆಕ್ಟಿಗೆ ಅರ್ಧ ಅಂಕ, ಐದು ನಿಮಿಷದ ಮೌಖಿಕಕ್ಕೆ ಅರ್ಧ. ಮೌಖಿಕದಲ್ಲಿ ಮೂರೇ ಪ್ರಶ್ನೆ ಕೇಳಿ. ಲೇಬಲ್ ಹಾಕಿದವರು ಯಾರು, ಎಲ್ಲಿ ಅನುಮಾನ ಬಂತು? ಮಾಡೆಲ್ ತಪ್ಪಿದ ಒಂದು ಉದಾಹರಣೆ ಕೈಯಲ್ಲಿ ಹಿಡಿದು ತೋರಿಸು. ಯಾಕೆ ತಪ್ಪಿರಬಹುದು? ಮೂರನೆಯದಕ್ಕೆ "ಗೊತ್ತಿಲ್ಲ ಸರ್, ಆದರೆ ಇದನ್ನ ಅಳೆದಿದ್ದರೆ ಗೊತ್ತಾಗ್ತಿತ್ತು" ಅಂತ ಯಾರಾದರೂ ಹೇಳಿದರೆ ಪೂರ್ತಿ ಅಂಕ ಕೊಟ್ಟುಬಿಡಿ.